ತಿಂಗಳಿಗೆ 320 ರೂಪಾಯಿ, ಧಾರೆ ಇನ್ನೂ ಮುಗಿದಿಲ್ಲ

ಸೇವೆ: ನಮ್ಮೂರ ಕೇಬಲ್, ಕನ್ನಡ ಪ್ಯಾಕ್. ಐದಕ್ಕೆ ಎರಡು ಸ್ಟಾರ್. ಆ ಎರಡೂ ಕೇಬಲ್ ಹುಡುಗನಿಗೆ. ಮಳೆಗಾಲದಲ್ಲಿ ಗೆಲ್ಲು ಬಿದ್ದು ವೈರ್ ಹರಿದರೆ ಮಾರನೇ ದಿನವೇ ಏಣಿ ಹೊತ್ತು ಬರ್ತಾನೆ, ಪಾಪ. ವೈರಿನೊಳಗೆ ಬರುವ ಸರಕಿಗೆ ನನ್ನಿಂದ ಒಂದೂ ಇಲ್ಲ.

ನಮ್ಮನೆಯಲ್ಲಿ ಟಿವಿ ನೋಡುವವಳು 78ರ ಅಮ್ಮ. ನಾನು ತೀರ್ಥಹಳ್ಳಿ ಪೇಟೆಯ ಅಂಗಡಿ ಬಾಗಿಲು ಹಾಕಿ ಬಂದು ಊಟಕ್ಕೆ ಕೂತಾಗ ಕಣ್ಣಿಗೆ ಬಿದ್ದಷ್ಟು ನೋಡ್ತೇನೆ. ಅಕ್ಕನ ಮಗಳ ಮದುವೆಗೆ ಶಿರಸಿಗೆ ಹೊರಟ ದಿನ ಅಮ್ಮನ ಧಾರಾವಾಹಿಯಲ್ಲೂ ಮದುವೆ. ಹುಡುಗಿಯನ್ನು ಮಂಟಪಕ್ಕೆ ಕರೆತರ್ತಿದ್ದರು. ನಾವು ನಾಂದಿ, ಧಾರೆ, ಗೃಹಪ್ರವೇಶ, ಬೀಗರೂಟ ಎಲ್ಲ ಮುಗಿಸಿ, ಉಳಿದ ಹೋಳಿಗೆ ಕಟ್ಟಿಸಿಕೊಂಡು ಎಂಟನೇ ದಿನ ಬಂದು ಟಿವಿ ಹಾಕಿದರೆ ಅಲ್ಲಿ ಅಂತರಪಟ ಇನ್ನೂ ಸರಿದಿಲ್ಲ! ಮಾಂಗಲ್ಯ ಕಳುವಾಗಿದೆಯಂತೆ. ನೆರೆದವರ ಮುಖ ಒಂದೊಂದಾಗಿ ತೋರಿಸ್ತಿದ್ದಾರೆ, ಹಿಂದೆ ಗುಡುಗು. "ಪುರೋಹಿತರ ಕಾಲು ಜೋಮು ಹಿಡಿದಿರ್ಬೇಕು ಮಾರಾಯ" ಅಂದಳು ಅಮ್ಮ.

ಮರುದಿನ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಾಕಿ ಕೂತೆ. ಅರ್ಧ ಗಂಟೆಯ ಕಂತು. ನಿನ್ನೆಯದೇ ಮತ್ತೆ 2 ನಿಮಿಷ, ಜಾಹೀರಾತು ಮತ್ತು ಚಾನೆಲ್ಲಿನದೇ ಪ್ರೋಮೋ ಸೇರಿ 10, ನಾಳೆಯ ತುಣುಕು 1. ಉಳಿದ 17ರಲ್ಲಿ ಒಂದೇ ಕಪಾಳಮೋಕ್ಷ, ಮೂರು ಕಡೆಯಿಂದ. ಕೇಬಲ್ ನಿಯಮದಲ್ಲಿ ಜಾಹೀರಾತಿಗೆ ಗಂಟೆಗೆ 12 ನಿಮಿಷದ ಮಿತಿ ಇದೆ, ಸ್ವಂತ ಪ್ರಚಾರವೂ ಅದರೊಳಗೇ ಬರಬೇಕು. ಇನ್ನರ್ಧ ಗಂಟೆಯಲ್ಲಿ ಎರಡೇ ನಿಮಿಷ ಹಾಕಿ ಸರಿದೂಗಿಸಿದರೋ ಏನೋ, ಅಷ್ಟು ಹೊತ್ತು ಕೂರುವ ತಾಳ್ಮೆ ನನಗಿರಲಿಲ್ಲ.

ಹಳೆಯದೆಲ್ಲ ಚಿನ್ನ ಅನ್ನುವವನಲ್ಲ ನಾನು. ಆಂಟೆನಾ ತಿರುಗಿಸಲು ಮಾಡು ಹತ್ತಿ, ಎರಡು ಹೆಂಚು ಒಡೆದು ಅಪ್ಪನಿಂದ ಬೈಸಿಕೊಂಡವನು. ಆದರೆ ಇಲ್ಲೇ ಆಗುಂಬೆಯಲ್ಲಿ ಶಂಕರ್ ನಾಗ್ ತೆಗೆದ 'ಮಾಲ್ಗುಡಿ ಡೇಸ್' ಹಿಂದಿಯಲ್ಲಿದ್ದರೂ ಅಮ್ಮನಿಗೆ ತಿಳೀತಿತ್ತು. ಅದರಲ್ಲಿ ಎಷ್ಟೋ ಕತೆ ಅರ್ಧ ಗಂಟೆಯೊಳಗೆ ಶುರುವಾಗಿ ಮುಗಿದೂ ಹೋಗ್ತಿತ್ತು. 1998ರಲ್ಲಿ ಶುರುವಾದ 'ಮಾಯಾಮೃಗ' ದಿನಾ ಬರ್ತಿದ್ದದ್ದೇ, ಎಳೆದದ್ದೂ ಉಂಟು. ಆದರೂ ಅಲ್ಲಿನವರು ನಮ್ಮ ನಿಮ್ಮ ಮನೆಯವರ ಹಾಗೆ ಮಾತಾಡ್ತಿದ್ದರು. ಈಗಿನ ಅತ್ತೆಯರು ಜರಿಸೀರೆ ಉಟ್ಟೇ ಮಲಗ್ತಾರೆ, ಎದ್ದಾಗ ಒಂದು ನಿರಿಗೆಯೂ ಕೆಟ್ಟಿರುವುದಿಲ್ಲ.

2019ರಲ್ಲಿ ಟ್ರಾಯ್, ಅಂದರೆ ಫೋನು-ಟಿವಿ ಸೇವೆಗಳಿಗೆ ನಿಯಮ ಮಾಡುವ ಕೇಂದ್ರದ ಪ್ರಾಧಿಕಾರ, ಹೊಸ ದರ ಪದ್ಧತಿ ತಂದಾಗ ಬೇಕಾದ ಚಾನೆಲ್ ಮಾತ್ರ ತಗೊಳ್ಳಬಹುದು ಅಂತ ಖುಷಿಪಟ್ಟಿದ್ದೆ. ಬಿಡಿಬಿಡಿಯಾಗಿ ಆರಿಸಿ ಕೂಡಿಸಿದರೆ ಇಡೀ ಪ್ಯಾಕಿಗಿಂತ ಜಾಸ್ತಿ ಬಂತು. ಮತ್ತೆ ಪ್ಯಾಕಿಗೇ ಬಂದೆ.

ನನಗೆ ಕೂತು ನೋಡಬೇಕು ಅನ್ನಿಸುವುದು ಚಂದನದ 'ಥಟ್ ಅಂತ ಹೇಳಿ' ಒಂದೇ. ಡಾ. ನಾ. ಸೋಮೇಶ್ವರರು 2002ರಿಂದ ಪ್ರಶ್ನೆ ಕೇಳ್ತಾ, ಸರಿ ಉತ್ತರಕ್ಕೆ ಪುಸ್ತಕ ಕೊಡ್ತಾ ಬಂದವರು. ಅಲ್ಲಿ ಗುಡುಗಿಲ್ಲ, ಸಿಡಿಲಿಲ್ಲ. ಆ ಚಾನೆಲ್ಲಿಗೆ ದುಡ್ಡೂ ಇಲ್ಲ, ತಮಾಷೆ ನೋಡಿ.

ಹೋದ ವಾರ ಅಮ್ಮನನ್ನು ಕೇಳಿದೆ, ಪ್ಯಾಕ್ ತೆಗೆಸಿಬಿಡಲಾ ಅಂತ. ರಿಮೋಟನ್ನು ಸೆರಗಿನಡಿ ಇಟ್ಕೊಂಡು, "ತಾಳಿ ಕಟ್ಟಿ ಆಗ್ಲಿ ತಡಿ, ಆಮೇಲೆ ತೆಗ್ಸು" ಅಂದಳು.

ಈ ತಿಂಗಳಿನದೂ ಕಟ್ಟಿದ್ದೇನೆ.