ಮಡಿಕೇರಿಯ ವ್ಯಾಯಾಮ ತರಗತಿ: ಮುಂದುವರಿದ ಸ್ತನ ಕ್ಯಾನ್ಸರ್ ಇರುವವರ ಮಟ್ಟಿಗೆ

ಮಡಿಕೇರಿಯ ಖಾಸಗಿ ಫಿಸಿಯೋಥೆರಪಿ ಕೇಂದ್ರವೊಂದು ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗಾಗಿ ವಾರಕ್ಕೆ ಎರಡು ಸಲ, ತಲಾ ಒಂದು ಗಂಟೆಯ ವ್ಯಾಯಾಮ ತರಗತಿಯನ್ನು ನಡೆಸುತ್ತಿದೆ. ಸ್ತನದ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಹರಡಿರುವ ನನ್ನ ಅಕ್ಕ ಕಳೆದ ಮಳೆಗಾಲದಿಂದ ಅಲ್ಲಿಗೆ ಹೋಗುತ್ತಿದ್ದಾಳೆ. ಸುಂಟಿಕೊಪ್ಪದಿಂದ ಅವಳನ್ನು ಕರೆದೊಯ್ಯುವ ಕೆಲಸ ನನ್ನದಾದುದರಿಂದ, ಬದಿಯ ಬೆಂಚಿನಲ್ಲಿ ಕುಳಿತು ತರಗತಿಯನ್ನು ಆರಂಭದಿಂದಲೂ ನೋಡುತ್ತಾ ಬಂದಿದ್ದೇನೆ. ಮೆಚ್ಚುವಂಥದ್ದರ ಜೊತೆಗೆ ಆಕ್ಷೇಪಿಸಬೇಕಾದದ್ದೂ ಇರುವುದರಿಂದ ಕೇಂದ್ರದ ಹೆಸರನ್ನು ಇಲ್ಲಿ ಹಾಕುತ್ತಿಲ್ಲ.

ರೋಗ ಇಷ್ಟು ಹರಡಿದ ಮೇಲೆ ವ್ಯಾಯಾಮ ಯಾಕೆ ಎಂದು ನೆಂಟರೆಲ್ಲ ಕೇಳಿದರು. ವರ್ಷಗಟ್ಟಲೆ ಕಾಫಿ ತೋಟದ ಏರು ಹತ್ತಿ ಇಳಿದವಳು ಇನ್ನಾದರೂ ಮಲಗಿರಲಿ ಎಂಬುದು ಅವರ ಕಾಳಜಿ. ಆ ಪ್ರಶ್ನೆ ತಳ್ಳಿಹಾಕುವಂಥದ್ದಲ್ಲ, ಏಕೆಂದರೆ ಅಮೆರಿಕದ ಕ್ಯಾನ್ಸರ್ ತಜ್ಞರ ಸಂಘ 2022ರಲ್ಲಿ ಹೊರಡಿಸಿದ ಮಾರ್ಗಸೂಚಿ ಕೂಡ, ಗುಣಪಡಿಸುವ ಉದ್ದೇಶದ ಚಿಕಿತ್ಸೆ ಪಡೆಯುತ್ತಿರುವವರಿಗೆ ವ್ಯಾಯಾಮವನ್ನು ಶಿಫಾರಸು ಮಾಡಿತ್ತೇ ಹೊರತು ನಾಲ್ಕನೇ ಹಂತದವರ, ಅಂದರೆ ಕ್ಯಾನ್ಸರ್ ಬೇರೆ ಅಂಗಗಳಿಗೆ ಹರಡಿದವರ ವಿಷಯವಾಗಿ ಅಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿರಲಿಲ್ಲ. ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು, ಯುರೋಪಿನ ಐದು ದೇಶಗಳಲ್ಲಿ ಮತ್ತು ಆಸ್ಟ್ರೇಲಿಯಾದಲ್ಲಿ ನಡೆದು 2024ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದ ‘ಪ್ರಿಫರೆಬಲ್-ಎಫೆಕ್ಟ್’ ಅಧ್ಯಯನ. ಸ್ತನ ಕ್ಯಾನ್ಸರ್ ದೇಹದ ಬೇರೆಡೆಗೆ ಹರಡಿದ್ದ 357 ಮಂದಿಯಲ್ಲಿ ಒಂದು ಗುಂಪಿಗೆ 9 ತಿಂಗಳ ಕಾಲ ತರಬೇತುದಾರರ ಕಣ್ಣೆದುರಿನ ವ್ಯಾಯಾಮ ಸಿಕ್ಕಿತು. ಅವರ ಆಯಾಸ ಮತ್ತೊಂದು ಗುಂಪಿನವರಿಗಿಂತ ಕಡಿಮೆಯಿತ್ತು, ದಿನನಿತ್ಯದ ಬದುಕಿನ ಗುಣಮಟ್ಟ ಉತ್ತಮವಾಗಿತ್ತು. ಗಮನಿಸಬೇಕಾದ ಸಂಗತಿಯೆಂದರೆ, ‘ಚಟುವಟಿಕೆಯಿಂದಿರಿ’ ಎಂಬ ಸಲಹೆ ಮತ್ತು ಚಟುವಟಿಕೆ ಅಳೆಯುವ ಸಾಧನ ಎರಡೂ ಗುಂಪಿಗೆ ದೊರೆತಿದ್ದವು. ಗಡ್ಡೆ ಕರಗುತ್ತದೆ ಎಂದು ಆ ಅಧ್ಯಯನ ಹೇಳುವುದಿಲ್ಲ, ನಾವು ಹೋದ ಕೇಂದ್ರವೂ ಹಾಗೆ ಹೇಳಲಿಲ್ಲ. ಅದು ನನಗೆ ಹಿಡಿಸಿದ ಮೊದಲ ಸಂಗತಿ.

ಎರಡನೆಯದು, ಮೊದಲ ಭೇಟಿಯಲ್ಲಿ ಅವರು ಒಂದು ವ್ಯಾಯಾಮವನ್ನೂ ಮಾಡಿಸದೆ ಕಾಗದಪತ್ರಗಳನ್ನು ಕೇಳಿದ್ದು. ಮೈಸೂರಿನ ಆಸ್ಪತ್ರೆಯ ಸ್ಕ್ಯಾನ್ ವರದಿಯಲ್ಲಿ ಯಾವ ಯಾವ ಕಶೇರುಕಗಳ (ಬೆನ್ನುಮೂಳೆಯ ಮಣಿಗಳ) ಹೆಸರಿದೆ, ಮೂಳೆ ಮುರಿಯುವ ಅಪಾಯದ ಬಗ್ಗೆ ಕ್ಯಾನ್ಸರ್ ವೈದ್ಯರು ಏನು ಬರೆದಿದ್ದಾರೆ, ಇತ್ತೀಚಿನ ಹಿಮೋಗ್ಲೋಬಿನ್ ಮತ್ತು ಪ್ಲೇಟ್‌ಲೆಟ್ ಎಷ್ಟು ಎಂಬುದನ್ನೆಲ್ಲ ಗುರುತು ಹಾಕಿಕೊಂಡ ಫಿಸಿಯೋಥೆರಪಿಸ್ಟ್, ವೈದ್ಯರ ಒಪ್ಪಿಗೆ ಪತ್ರ ಬರುವವರೆಗೂ ಕಾಯಬೇಕೆಂದು ಖಡಾಖಂಡಿತವಾಗಿ ಹೇಳಿದರು. ಆ ವರದಿಯ ಆಧಾರದ ಮೇಲೆ ಅಕ್ಕನ ಪಟ್ಟಿಯಿಂದ ಮುಂದಕ್ಕೆ ಬಾಗುವುದು, ಸೊಂಟ ತಿರುಚುವುದು, ನೆಗೆಯುವುದು ಇವೆಲ್ಲ ಹೊರಗುಳಿದವು. ಕುರ್ಚಿಯಿಂದ ಕೈಯೂರದೆ ಏಳುವುದು, ಗೋಡೆಗೆ ಕೈಕೊಟ್ಟು ತಳ್ಳುವುದು, ರಬ್ಬರ್ ಪಟ್ಟಿ ಎಳೆಯುವುದು, ನಿಂತಲ್ಲೇ ತುಳಿಯುವ ಸೈಕಲ್ಲು ಉಳಿದುಕೊಂಡವು. ಪ್ರತಿ ತರಗತಿಯೂ “ಆಂಟಿ, ಇವತ್ತು ಹೊಸ ನೋವೇನಾದರೂ ಇದೆಯಾ? ರಾತ್ರಿ ನಿದ್ದೆಯಿಂದ ಎಬ್ಬಿಸಿತಾ?” ಎಂಬ ಪ್ರಶ್ನೆಯಿಂದಲೇ ಆರಂಭ. ಬೆನ್ನುನೋವು ಹಠಾತ್ತನೆ ಹೆಚ್ಚಿ ಕಾಲುಗಳ ಬಲ ಕುಗ್ಗಿದರೆ ಅಥವಾ ಮೂತ್ರದ ಹಿಡಿತ ತಪ್ಪಿದರೆ ಬೆನ್ನುಹುರಿಯ ಮೇಲೆ ಒತ್ತಡ ಬಿದ್ದಿರಬಹುದು, ತರಗತಿಗೆ ಬಾರದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು ಎಂದು ನನ್ನನ್ನೂ ಕೂರಿಸಿಕೊಂಡು ತಿಳಿಸಿದ್ದಾರೆ.

ಎಷ್ಟು ಶ್ರಮವೆನಿಸಿತು ಎಂಬುದನ್ನು ಅವರು 6ರಿಂದ (ಶ್ರಮವೇ ಇಲ್ಲ) 20ರವರೆಗಿನ (ಗರಿಷ್ಠ ಶ್ರಮ) ಬೋರ್ಗ್ ಅಳತೆಯಲ್ಲಿ ಕೇಳಿ ಬರೆದುಕೊಳ್ಳುತ್ತಾರೆ. ಕೀಮೋ ಆದ ವಾರ ಅಕ್ಕನಿಗೆ ಅರ್ಧ ಹೊತ್ತಿನಲ್ಲೇ ಸಾಕೆನಿಸಿದರೆ ಅಷ್ಟಕ್ಕೇ ನಿಲ್ಲಿಸುತ್ತಾರೆ, ಬಲವಂತವಿಲ್ಲ. ಔಷಧದಿಂದ ಅಂಗಾಲು ಜೋಮು ಹಿಡಿಯುವುದರಿಂದ, ಸಮತೋಲನದ ಅಭ್ಯಾಸವನ್ನು ಕಂಬಿಯ ಪಕ್ಕದಲ್ಲೇ, ಯಾರಾದರೊಬ್ಬರು ಕೈಗೆಟುಕುವಷ್ಟು ಹತ್ತಿರ ನಿಂತು ಮಾಡಿಸುತ್ತಾರೆ. ಶಸ್ತ್ರಚಿಕಿತ್ಸೆಯಾದ ಬದಿಯ ಕೈ ಊದುತ್ತದೆಂಬ ಹೆದರಿಕೆಯಿಂದ ಅಕ್ಕ ನೀರಿನ ಬಿಂದಿಗೆಯನ್ನೂ ಆ ಕೈಯಲ್ಲಿ ಎತ್ತುತ್ತಿರಲಿಲ್ಲ. ಕೈ ಬಾವು ಇದ್ದ ಮಹಿಳೆಯರು ಒತ್ತುತೋಳು (ಕೈಯನ್ನು ಬಿಗಿಯಾಗಿ ಒತ್ತಿ ಹಿಡಿಯುವ ತೋಳುಚೀಲ) ಧರಿಸಿ, ಮೇಲ್ವಿಚಾರಣೆಯಲ್ಲಿ ನಿಧಾನವಾಗಿ ಭಾರ ಹೆಚ್ಚಿಸುತ್ತ ಹೋದರೆ ಬಾವು ಉಲ್ಬಣಿಸುವುದಿಲ್ಲವೆಂದು 2009ರಷ್ಟು ಹಿಂದೆಯೇ ಅಮೆರಿಕದ ಅಧ್ಯಯನವೊಂದು ತೋರಿಸಿದೆ. ಇಲ್ಲಿಯೂ ಅತಿ ಹಗುರದ ಡಂಬೆಲ್‌ನಿಂದ ಆರಂಭಿಸಿ, ತೋಳಿನ ಸುತ್ತಳತೆಯನ್ನು ಟೇಪಿನಲ್ಲಿ ಆಗಾಗ ಅಳೆಯುತ್ತ ಮುಂದುವರಿದರು. ಈಗ ಅವಳು ಅಡುಗೆಮನೆಯ ಮೇಲಿನ ಅಟ್ಟದಿಂದ ಡಬ್ಬಿಗಳನ್ನು ತಾನೇ ಇಳಿಸಿಕೊಳ್ಳುತ್ತಾಳೆ. ನೋವಿನ ಮಾತ್ರೆ ನಿಂತಿಲ್ಲ. ಮಧ್ಯಾಹ್ನದ ಹೊತ್ತು ಹಾಸಿಗೆ ಹಿಡಿಯುವುದು ಮಾತ್ರ ಕಡಿಮೆಯಾಗಿದೆ.

ಇಷ್ಟೆಲ್ಲ ಬೆಳಗಿನ ತಂಡದ ಮಾತು. ಸಂಜೆಯ ತಂಡ ಬೇರೆಯೇ. ಆಗ ತೂಕ ಇಳಿಸಿಕೊಳ್ಳಲು ಬರುವವರೂ ಮಂಡಿನೋವಿನವರೂ ಒಟ್ಟಿಗೆ ಸೇರುತ್ತಾರೆ, ಸಹಾಯಕ ಹುಡುಗನೊಬ್ಬ ಎಲ್ಲರಿಗೂ ಒಂದೇ ಎಣಿಕೆ ಹೇಳುತ್ತಾನೆ. ಒಮ್ಮೆ ಸಂಜೆ ಹೋಗಿದ್ದಾಗ ಅವನು ಅಕ್ಕನಿಗೂ ಕಾಲ್ಬೆರಳು ಮುಟ್ಟುವಂತೆ ಹೇಳಿದ. ಅವಳೇ ಎಚ್ಚರದಿಂದ ಮಾಡದೆ ಉಳಿದಳು. ಬೆಳಿಗ್ಗೆ ಅಷ್ಟು ಜಾಗ್ರತೆಯಿಂದ ಸಿದ್ಧಪಡಿಸಿದ ಪಟ್ಟಿ ಸಂಜೆಯವರ ಕೈಸೇರದಿದ್ದರೆ ಮೇಲ್ವಿಚಾರಣೆ ಎಂದು ಹಣ ಪಡೆಯುವುದಕ್ಕೆ ಅರ್ಥವಿಲ್ಲ. ದೂರು ಹೇಳಿದ ಮೇಲೆ ಪಟ್ಟಿಯ ಪ್ರತಿಯನ್ನು ಗೋಡೆಗೆ ಹಚ್ಚಿದ್ದಾರೆ, ಆದರೂ ನಾವು ಮತ್ತೆ ಸಂಜೆ ಹೋಗಿಲ್ಲ.

ಶುಲ್ಕ ತರಗತಿಗೆ 400 ರೂಪಾಯಿ. ಇಡೀ ತಿಂಗಳದ್ದನ್ನು ಮುಂಗಡವಾಗಿ ಕಟ್ಟಬೇಕು, ತಪ್ಪಿದ ತರಗತಿಯ ಹಣ ಮರಳದು ಎಂಬ ನಿಯಮವನ್ನು ಕೀಮೋದಲ್ಲಿರುವವರಿಗೂ ಅನ್ವಯಿಸುವುದು ಸರಿಯಲ್ಲ. ಜ್ವರ ಬಂದರೆ, ರಕ್ತಕಣ ಇಳಿದರೆ ಬರಬಾರದೆಂದು ಹೇಳುವವರೂ ಅವರೇ ಅಲ್ಲವೇ! ಮೇಲಾಗಿ ಕೇಂದ್ರವಿರುವುದು ಮೊದಲ ಮಹಡಿಯಲ್ಲಿ. ಮೆಟ್ಟಿಲಿಗೆ ಒಂದೇ ಬದಿ ಕಂಬಿಯಿದೆ, ಜುಲೈ ತಿಂಗಳ ಮಳೆಯಲ್ಲಿ ಆ ಮೆಟ್ಟಿಲು ಜಾರುತ್ತದೆ. ಭಾಗಮಂಡಲ, ನಾಪೋಕ್ಲು ಕಡೆಯವರಿಗೆ ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ ಬಂದು ಹೋಗುವುದೇ ಕಷ್ಟ; ಅಂಥವರಿಗಾಗಿ ವಿಡಿಯೋ ಕರೆಯ ತರಗತಿ ಇದ್ದರೆ ಒಳ್ಳೆಯದೆಂದು ಕೇಳಿದ್ದೇನೆ, ಸದ್ಯಕ್ಕೆ ಇಲ್ಲ.

ಸೇರಬಯಸುವವರು ಬೆಳಗಿನ ತಂಡವನ್ನೇ ಕೇಳಿ ಪಡೆಯಿರಿ. ಸ್ಕ್ಯಾನ್ ವರದಿ, ಇತ್ತೀಚಿನ ರಕ್ತಪರೀಕ್ಷೆ ಮತ್ತು ಕ್ಯಾನ್ಸರ್ ವೈದ್ಯರ ಪತ್ರವನ್ನು ಮೊದಲ ದಿನವೇ ಒಯ್ದರೆ ಒಂದು ಓಡಾಟ ಉಳಿಯುತ್ತದೆ. ತಿಂಗಳ ಹಣ ಕಟ್ಟುವ ಮುನ್ನ ಕೀಮೋ ದಿನಾಂಕಗಳನ್ನು ಬರೆದುಕೊಟ್ಟು, ಆ ವಾರಗಳನ್ನು ಬಿಟ್ಟು ಲೆಕ್ಕ ಹಾಕುವಂತೆ ಕೇಳಿ. ನಾವು ಕೇಳಿದ ಮೇಲೆ ಒಪ್ಪಿದರು.