ಮಗಳು ಕೆಪಿಎಸ್‌ನಲ್ಲಿ, ಮಗ ಬೀದಿ ತುದಿಯ ಶಾಲೆಯಲ್ಲಿ: ಎರಡನ್ನೂ ಕಂಡ ಮೇಲೆ

ನಮ್ಮ ಮನೆ ನೆಲಮಂಗಲದ ಹತ್ತಿರ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ. ಸುತ್ತ ಗೋಡೌನು, ಅಪಾರ್ಟ್‌ಮೆಂಟ್ ಕೆಲಸ. ಮಗಳು 2022ರಲ್ಲಿ 6ನೇ ಕ್ಲಾಸಿಗೆ ಬಂದಾಗ 4 ಕಿಲೋಮೀಟರ್ ದೂರದ ಕರ್ನಾಟಕ ಪಬ್ಲಿಕ್ ಶಾಲೆಗೆ (ಕೆಪಿಎಸ್) ಸೇರಿಸಿದೆವು. ಮರುವರ್ಷ ಮಗನ ಸರದಿ. ಇಬ್ಬರಿಗೂ ಆಟೋ ದುಡ್ಡು ಹೊಂದಿಸಲು ಆಗಲಿಲ್ಲ. ಅವನನ್ನು ನಮ್ಮ ಬೀದಿ ತುದಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲೇ ಉಳಿಸಿದೆವು. ಈಗ ಇಬ್ಬರದೂ 8 ಮುಗಿದಿದೆ.

ಅಕ್ಕಪಕ್ಕದವರು ಕೇಳೋದು ಒಂದೇ ಮಾತು. 'ರಿಸಲ್ಟ್ ಕೆಪಿಎಸ್‌ದೇ ಚೆನ್ನಾಗಿದೆ ಅಲ್ವಾ ಅಕ್ಕಾ?' ಚೆನ್ನಾಗಿದೆ, ನಿಜ. ಆದರೆ ಆ ರಿಸಲ್ಟ್ ಯಾರ ಮಕ್ಕಳದು ಅಂತ ಯಾರೂ ಕೇಳುವುದಿಲ್ಲ.

ಕೆಪಿಎಸ್ ಅಂದರೆ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿರುವ ಸರ್ಕಾರಿ ಶಾಲೆ. 2018-19ರಲ್ಲಿ ಇಂಥ ಶಾಲೆಗಳು ಶುರುವಾದವು. ಇಂಗ್ಲಿಷ್ ಮೀಡಿಯಂ ಸೆಕ್ಷನ್ ಇದೆ ಅಂತ ದೂರದಿಂದಲೂ ಬರುತ್ತಾರೆ. ಮಗಳ ಸೆಕ್ಷನ್‌ನಲ್ಲಿ 61 ಮಕ್ಕಳು. ಅಪ್ಪಂದಿರು ಡ್ರೈವರ್, ಅಂಗಡಿಯವರು, ಫ್ಯಾಕ್ಟರಿಯಲ್ಲಿ ಖಾಯಂ ಆದವರು. ದೊಡ್ಡ ಸಂಬಳ ಯಾರದೂ ಅಲ್ಲ. ಆದರೆ ತಿಂಗಳಿಗೆ ಆಟೋಗೆ 1,200 ರೂಪಾಯಿ ಕೊಡುವಷ್ಟು, ಮೂರು ವರ್ಷ ಒಂದೇ ಕಡೆ ಇರುವಷ್ಟು ನೆಲೆ ಇದ್ದವರು.

ಮಗನ ಶಾಲೆಯಲ್ಲಿ ಅರ್ಧ ಮಕ್ಕಳು ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಮನೆಯವರು. ಬಿಹಾರದವರು ಇದ್ದರು, ಇಬ್ಬರು ನೇಪಾಳದವರೂ ಇದ್ದರು. ಇನ್ನೊಂದು ವಿಷಯ ಗಮನಿಸಿದೆ. ಅಲ್ಲಿ ಹುಡುಗಿಯರೇ ಜಾಸ್ತಿ. ಸ್ಥಳೀಯರ ಎಷ್ಟೋ ಮನೆಗಳಲ್ಲಿ ಹಳದಿ ವ್ಯಾನಿನಲ್ಲಿ ಪ್ರೈವೇಟ್ ಶಾಲೆಗೆ ಹೋಗುವವನು ತಮ್ಮ, ನಡೆದುಕೊಂಡು ಇಲ್ಲಿಗೆ ಬರುವವಳು ಅಕ್ಕ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ನಾನು ಮಗನ ಶಾಲೆಯ ಎಸ್‌ಡಿಎಂಸಿಯಲ್ಲಿ, ಅಂದರೆ ಪೋಷಕರಿರುವ ಶಾಲಾ ಸಮಿತಿಯಲ್ಲಿದ್ದೆ. 2025ರ ಮಾರ್ಚ್‌ನಲ್ಲಿ ಮೀಟಿಂಗ್ ಮುಗಿದ ಮೇಲೆ ಹೆಡ್ ಮೇಷ್ಟ್ರು 7ನೇ ಕ್ಲಾಸಿನ ಗಣಿತದ ಗ್ರೇಡ್ ಹಾಳೆ ಮುಂದಿಟ್ಟುಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದರು. 34 ಹೆಸರು. ಪೆನ್ಸಿಲ್ ಕೊಡಿ ಸರ್ ಅಂದೆ. 6ನೇ ಕ್ಲಾಸಿನ ಜೂನ್‌ನಿಂದ ಇಲ್ಲೇ ಇರುವವರಿಗೆ ಮಾತ್ರ ಟಿಕ್ ಹಾಕುತ್ತಾ ಹೋದೆವು. 19 ಜನ ಸಿಕ್ಕರು. ಅವರಲ್ಲಿ 13 ಮಂದಿ ಬಿ ಪ್ಲಸ್ ಅಥವಾ ಅದಕ್ಕಿಂತ ಮೇಲೆ. ನಡುವೆ ಬಂದ 15 ಮಕ್ಕಳಲ್ಲಿ ಅಷ್ಟು ಬಂದಿದ್ದು ಮೂವರಿಗೆ. ಮಗಳ ಸೆಕ್ಷನ್‌ನಲ್ಲೂ ಬಿ ಪ್ಲಸ್ ದಾಟಿದವರು ಮೂರರಲ್ಲಿ ಎರಡು ಪಾಲು ಅಂತ ಅವಳ ಟೀಚರ್ ಹೇಳಿದ್ದರು. ಅಂದರೆ ಉಳಿದು ಓದಿದ ಮಕ್ಕಳಿಗೆ ಎರಡೂ ಶಾಲೆ ಸುಮಾರು ಒಂದೇ! 19 ಮಕ್ಕಳ ಲೆಕ್ಕ ಚಿಕ್ಕದು, ಗೊತ್ತು. ಆದರೂ ಅವತ್ತು ಮೇಷ್ಟ್ರ ಮುಖ ನೋಡಬೇಕಿತ್ತು.

ಆ 15ರಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗಿ ಇದ್ದಳು. ನಾನು ಮನೆಯಲ್ಲಿ ಹೊಲಿಗೆ ಮಾಡುತ್ತೇನೆ. ಸಂಜೆ ಮಗನ ಜೊತೆ ಬಂದು ಮೆಷಿನ್ ಪಕ್ಕ ಕೂರುತ್ತಿದ್ದಳು. 'ಎರಡೂಕಾಲು ಮೀಟರ್ ಬಟ್ಟೆ, ಒಂದು ಬ್ಲೌಸಿಗೆ ಮುಕ್ಕಾಲು ಮೀಟರ್, ಎಷ್ಟು ಆಗ್ತಾವೆ?' ಅಂದರೆ ನಾನು ಟೇಪು ಎತ್ತುವ ಮೊದಲೇ 'ಮೂರು ಆಂಟಿ' ಅನ್ನುತ್ತಿದ್ದಳು. ಅದೇ ಲೆಕ್ಕ ಪುಸ್ತಕದಲ್ಲಿ ವಾಕ್ಯವಾಗಿ ಬಂದರೆ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಸುಸ್ತಾಗಿ ಬಿಡುತ್ತಿದ್ದಳು. ನವೆಂಬರ್‌ನಲ್ಲಿ ಬಂದಿದ್ದಳು, ಯುಗಾದಿಗೆ ಊರಿಗೆ ಹೋದವಳು ತಿರುಗಿ ಬರಲಿಲ್ಲ. ಹಾಳೆಯಲ್ಲಿ ಅವಳ ಹೆಸರಿನ ಮುಂದೆ ಸಿ ಇತ್ತು.

ಟಿಸಿ ತಡವಾಯಿತು ಅಂತ ಮಗುವನ್ನು ಸೇರಿಸದೆ ಕಳಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಬೀದಿ ತುದಿಯ ಶಾಲೆ ನವೆಂಬರ್‌ನಲ್ಲಿ ಬಂದರೂ ಸೇರಿಸಿಕೊಂಡಿತು. ಮಗಳ ಶಾಲೆಯಲ್ಲಿ ಜೂನ್‌ಗೇ ಸೀಟು ತುಂಬಿರುತ್ತಿತ್ತು. ಒಂದರ ಸರಾಸರಿ ಇಳಿಯಲು, ಇನ್ನೊಂದರದು ನಿಲ್ಲಲು ಇದೂ ಒಂದು ಕಾರಣ.

ನೋಟ್‌ಬುಕ್ ವಿಷಯದಲ್ಲಿ ಮಗನ ಶಾಲೆಯೇ ಮುಂದು. ಮಗಳ ಕನ್ನಡ ನೋಟ್ಸಿನಲ್ಲಿ ಪುಟದ ಕೆಳಗೆ ಕೆಂಪು ಸಹಿ, ತಾರೀಖು, ಅಷ್ಟೇ. 61 ಪುಸ್ತಕ ನೋಡುವವರು ಇನ್ನೇನು ಮಾಡಿಯಾರು? 6ರಿಂದ 8ಕ್ಕೆ 35 ಮಕ್ಕಳಿಗೆ ಒಬ್ಬರು ಟೀಚರ್ ಅಂತ ಅದೇ ಕಾಯ್ದೆ ಹೇಳುತ್ತದೆ. ಮಗನ ಪುಸ್ತಕದಲ್ಲಿ ಅಲ್ಪಪ್ರಾಣ ಮಹಾಪ್ರಾಣ ತಪ್ಪಿದ ಒಂದೊಂದು ಪದಕ್ಕೂ ಸುತ್ತು ಹಾಕಿ, ಪಕ್ಕದಲ್ಲಿ ಸರಿ ಬರೆದು, 'ಐದು ಸಲ ಬರೆ' ಅಂತ ಇರುತ್ತಿತ್ತು. ಇವತ್ತು ಅವನು ಅಕ್ಕನಿಗಿಂತ ಚೆನ್ನಾಗಿ ಕನ್ನಡ ಬರೆಯುತ್ತಾನೆ.

ವಿಜ್ಞಾನ, ಇಂಗ್ಲಿಷಿನಲ್ಲಿ ಮಾತ್ರ ಕೆಪಿಎಸ್ ಎಷ್ಟೋ ಮೇಲು. ಅಲ್ಲಿ ವಿಷಯಕ್ಕೊಬ್ಬ ಟೀಚರ್. ಮಗಳು ಲಿಟ್ಮಸ್ ಕಾಗದ ಬಣ್ಣ ಬದಲಾಗಿದ್ದನ್ನು ಕಣ್ಣಾರೆ ನೋಡಿದಳು. ಮಗ ಅದನ್ನು ಚಿತ್ರದಲ್ಲಿ ನೋಡಿದ. ಅವನ ಶಾಲೆಯಲ್ಲಿ ಗಣಿತ ವಿಜ್ಞಾನ ಎರಡಕ್ಕೂ ಒಬ್ಬರೇ, ಆಫೀಸ್ ಕೆಲಸ, ಮತದಾರರ ಪಟ್ಟಿ ಕೆಲಸವೂ ಅವರ ಮೇಲೇ. 2025ರಲ್ಲಿ ಟೀಚರ್‌ಗಳನ್ನು ಜಾತಿ ಸಮೀಕ್ಷೆಗೆ ಹಾಕಿದ್ದರಿಂದ ದಸರಾ ರಜೆ ಅಕ್ಟೋಬರ್ 18ರವರೆಗೆ ಹೋಯಿತು. ಎರಡೂ ಶಾಲೆಗೂ ಅದೇ ರಜೆ. ಆದರೆ ಎರಡು ವಿಷಯಕ್ಕೆ ಒಬ್ಬರೇ ಟೀಚರ್ ಇರುವ ಕಡೆ ಬಿಟ್ಟುಹೋದ ಪಾಠ ಹಿಡಿಯಲು ಡಿಸೆಂಬರ್ ಆಯಿತು.

ಎನ್‌ಎಂಎಂಎಸ್ ಅನ್ನೋ ವಿದ್ಯಾರ್ಥಿವೇತನದ ಪರೀಕ್ಷೆ ವಿಷಯದಲ್ಲಿ ನನಗೆ ಇನ್ನೂ ಬೇಜಾರಿದೆ. 8ನೇ ಕ್ಲಾಸಿನಲ್ಲಿ ಅದನ್ನು ಬರೆದು ಆಯ್ಕೆಯಾದರೆ 9ರಿಂದ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ನಮ್ಮಂಥವರಿಗೆ ಅದು ದೊಡ್ಡ ದುಡ್ಡು. ಮಗಳ ಶಾಲೆಯಲ್ಲಿ ಶನಿವಾರ ಅದಕ್ಕೇ ಬೇರೆ ಕ್ಲಾಸ್ ಮಾಡುತ್ತಿದ್ದರು. ಮಗನ ಶಾಲೆಯಲ್ಲಿ ಅರ್ಜಿ ಹಾಕಲು ಇನ್ನು ಎರಡೇ ದಿನ ಇರುವಾಗ ಹೇಳಿದರು. ಆದಾಯ ಪ್ರಮಾಣಪತ್ರ ಇಲ್ಲದ ಮಕ್ಕಳಿಗೆ ಅವಕಾಶವೇ ತಪ್ಪಿಹೋಯಿತು. ಅದು ಹೆಚ್ಚು ಬೇಕಾಗಿದ್ದು ಆ ಮಕ್ಕಳಿಗೇ.

ಊಟ, ಮೊಟ್ಟೆ, ಹಾಲು, ಯೂನಿಫಾರ್ಮ್, ಪುಸ್ತಕ ಎರಡೂ ಕಡೆ ಒಂದೇ.

ಸಂಜೆ ಪಕ್ಕ ಕೂತು ಪಾಠ ನೋಡುವವರು ಮನೆಯಲ್ಲಿದ್ದರೆ ಹತ್ತಿರದ ಶಾಲೆ ಸಾಕು, ಧೈರ್ಯವಾಗಿ ಸೇರಿಸಿ. ಇಂಗ್ಲಿಷ್, ವಿಜ್ಞಾನದಲ್ಲಿ ಕೈಹಿಡಿಯುವವರು ಯಾರೂ ಇಲ್ಲ ಅಂದರೆ ಕೆಪಿಎಸ್ ಕಡೆ ನೋಡಿ. ಎಲ್ಲಿಗೇ ಹೋದರೂ ಅಡ್ಮಿಷನ್ ದಿನ ಬೋರ್ಡ್ ಮೇಲಿನ ರಿಸಲ್ಟ್ ಓದಿ ಬರಬೇಡಿ. ಅಲ್ಲಿ ಓದುವ ಒಂದು ಮಗುವಿನ ನೋಟ್‌ಬುಕ್ ಕೇಳಿ ಪಡೆದು ತಿರುವಿ ಹಾಕಿ.

ಮಗನ ಶಾಲೆ 8ಕ್ಕೇ ಮುಗಿಯುತ್ತದೆ. ಜೂನ್‌ನಿಂದ ಅವನೂ ಕೆಪಿಎಸ್‌ಗೆ 9ನೇ ಕ್ಲಾಸಿಗೆ. ರಜೆಯಲ್ಲಿ ಅಕ್ಕ ಅವನಿಗೆ ವಿಜ್ಞಾನ ಹೇಳಿಕೊಡುತ್ತಿದ್ದಾಳೆ. ಅವನು ಅವಳ ಕನ್ನಡ ಪ್ರಬಂಧಕ್ಕೆ ಸುತ್ತು ಹಾಕಿ ಕೊಡುತ್ತಿದ್ದಾನೆ.