ಊರಿನ ರೈಲಿಗೆ ಪಾಯಿಂಟ್ ಲೆಕ್ಕ: ಐಆರ್‌ಸಿಟಿಸಿ ಎಸ್‌ಬಿಐ ಕಾರ್ಡ್ ಮುಂಬೈ ಕನ್ನಡಿಗರಿಗೆ ಗಿಟ್ಟುತ್ತದೆಯೇ?

ಡೊಂಬಿವಲಿಯಲ್ಲೋ ಮುಲುಂಡಿನಲ್ಲೋ ಇರುವ ನಾಲ್ಕು ಜನರ ಒಂದು ಸಂಸಾರ. ವರ್ಷಕ್ಕೆ ಎರಡು ಸಲ ಊರಿಗೆ ಪ್ರಯಾಣ: ಬೇಸಿಗೆ ರಜೆಗೊಂದು, ಚೌತಿಗೋ ದಸರೆಗೋ ಇನ್ನೊಂದು. ಮತ್ಸ್ಯಗಂಧದಲ್ಲಿ ಹೋಗಲಿ, ಉದ್ಯಾನ್‌ನಲ್ಲಿ ಹೋಗಲಿ, ತ್ರೀ-ಟೈರ್ ಎಸಿಗೆ ತಲೆಗೆ 1,600 ರೂಪಾಯಿ ಎಂದು ಹಿಡಿಯೋಣ. ಒಂದು ಬದಿಗೆ 6,400, ಹೋಗಿಬರಲು 12,800, ವರ್ಷಕ್ಕೆ 25,600 ರೂ. ಬಂಗಾರದ ಬಳೆಯಂಥ ಖರ್ಚಲ್ಲ, ಆದರೆ ತಪ್ಪದೆ ಬರುವ ಖರ್ಚು. ಪಾಯಿಂಟ್ ಕಾರ್ಡ್‌ಗಳು ಕೆಲಸಕ್ಕೆ ಬರುವುದು ಇಂಥ ಖರ್ಚಿನ ಮೇಲೆಯೇ. ಪಾಯಿಂಟ್ ಸಿಗುತ್ತದೆಂದು ಹೊಸದಾಗಿ ಮಾಡಿಕೊಂಡ ಖರ್ಚಿನ ಮೇಲೆ ಯಾವ ಕಾರ್ಡೂ ಲಾಭ ಕೊಡದು.

ಐಆರ್‌ಸಿಟಿಸಿ ಎಸ್‌ಬಿಐ ಕಾರ್ಡಿನಲ್ಲಿ ಎರಡು ಬಗೆ. ಸಾಮಾನ್ಯದ್ದು ಪ್ಲಾಟಿನಂ (ಇದೇ ರುಪೇಯಲ್ಲೂ ಸಿಗುತ್ತದೆ, ಅದು ಬಂದದ್ದು 2020ರಲ್ಲಿ): ಮೊದಲ ವರ್ಷ 500 ರೂ., ಮರುವರ್ಷದಿಂದ 300 ರೂ. ದುಬಾರಿಯದ್ದು ಪ್ರೀಮಿಯರ್: ವರ್ಷಕ್ಕೆ 1,499 ರೂ. ಎಲ್ಲದರ ಮೇಲೂ ಶೇ. 18 ಜಿಎಸ್‌ಟಿ. ಎರಡಕ್ಕೂ ಮುಖ್ಯ ಆಕರ್ಷಣೆ ಒಂದೇ. ಐಆರ್‌ಸಿಟಿಸಿಯಲ್ಲಿ ಎಸಿ ಟಿಕೆಟ್ ತೆಗೆದರೆ, ಅಂದರೆ ಫಸ್ಟ್, ಸೆಕೆಂಡ್, ಥರ್ಡ್ ಎಸಿ ಅಥವಾ ಚೇರ್ ಕಾರ್‌ಗೆ, ಶೇ. 10ರಷ್ಟು ಪಾಯಿಂಟ್ ವಾಪಸ್. ಒಂದು ಪಾಯಿಂಟ್ ಎಂದರೆ ಒಂದು ರೂಪಾಯಿ. ನಗದಾಗಿ ಕೈಗೆ ಬರುವುದಿಲ್ಲ, ಮುಂದಿನ ರೈಲು ಟಿಕೆಟ್‌ಗೇ ಬಳಸಬೇಕು.

ನಮ್ಮ ಸಂಸಾರಕ್ಕೆ ವರ್ಷಕ್ಕೆ 2,560 ಪಾಯಿಂಟ್ ಆಯಿತು. ಪ್ಲಾಟಿನಂನ ಮರುವರ್ಷದ ಶುಲ್ಕ ಜಿಎಸ್‌ಟಿ ಸೇರಿ 354 ರೂ. ಅದನ್ನು ಕಳೆದರೆ ಉಳಿದದ್ದು 2,206. ಒಬ್ಬರ ಒಂದು ಬದಿಯ ಟಿಕೆಟ್ ಪುಕ್ಕಟೆ ಬಂದು, ದಾರಿಯ ಊಟ-ತಿಂಡಿಯಷ್ಟು ಇನ್ನೂ ಉಳಿಯುವ ಮೊತ್ತ. ಶುಲ್ಕದ ಅಸಲು ಹುಟ್ಟಲು ವರ್ಷಕ್ಕೆ 3,540 ರೂಪಾಯಿಯ ಎಸಿ ಟಿಕೆಟ್ ಸಾಕು, ಮೊದಲ ವರ್ಷ 5,900. ಪ್ರೀಮಿಯರ್‌ಗಾದರೆ ಶುಲ್ಕವೇ ಸುಮಾರು 1,769 ರೂ., ಅಸಲಿಗೆ ಬೇಕಾದದ್ದು 17,690 ರೂಪಾಯಿಯ ಟಿಕೆಟ್. ಅದೇ ಸಂಸಾರಕ್ಕೆ ಅದರಲ್ಲಿ ಉಳಿಯುವುದು 791 ರೂ. ಮಾತ್ರ. ರೈಲು ಟಿಕೆಟ್‌ನ ಮಟ್ಟಿಗೆ ಎರಡೂ ಕಾರ್ಡ್ ಕೊಡುವುದು ಅದೇ ಶೇ. 10. ಹೆಚ್ಚಿನ 1,400 ಚಿಲ್ಲರೆಗೆ ಪ್ರೀಮಿಯರ್‌ನಲ್ಲಿ ಸಿಗುವುದು ಐಆರ್‌ಸಿಟಿಸಿಯ ವಿಮಾನ ತಾಣದಲ್ಲಿ ಶೇ. 5, ರೈಲು ನಿಲ್ದಾಣದ ಲೌಂಜ್ ನಾಲ್ಕರ ಬದಲು ಎಂಟು ಸಲ, ಇಂಥವು. ಲೌಂಜ್‌ಗೆಂದೇ ಯಾರೂ ರೈಲು ಹತ್ತುವುದಿಲ್ಲವಲ್ಲ. ಹೆಚ್ಚಿನವರಿಗೆ ಪ್ಲಾಟಿನಂ ಸಾಕು.

ಶೇ. 10 ಎಂಬುದನ್ನೂ ಸ್ವಲ್ಪ ತಟ್ಟಿ ನೋಡಬೇಕು. 10,000 ರೂ. ಕಾರ್ಡಿನಲ್ಲಿ ಕೊಟ್ಟರೆ 1,000 ಪಾಯಿಂಟ್. ಆ ಪಾಯಿಂಟಿನಲ್ಲಿ ತೆಗೆದ ಟಿಕೆಟ್‌ಗೆ ಕಾರ್ಡ್ ಉಜ್ಜುವ ಮಾತಿಲ್ಲ, ಹಾಗಾಗಿ ಅದಕ್ಕೆ ಮತ್ತೆ ಪಾಯಿಂಟೂ ಇಲ್ಲ. 11,000 ರೂಪಾಯಿಯ ಪ್ರಯಾಣಕ್ಕೆ 10,000 ಕೊಟ್ಟ ಹಾಗಾಯಿತು, ಅಂದರೆ ನಿಜವಾದ ರಿಯಾಯಿತಿ ಶೇ. 9.1ರ ಹತ್ತಿರ. ಕಡಿಮೆಯೇನಲ್ಲ. ರೈಲಿನಲ್ಲಿ ಇಷ್ಟು ಕೊಡುವ ದಾರಿ ಬೇರೆ ಸುಲಭಕ್ಕೆ ಸಿಗದು.

ಇನ್ನು ಜಾಹೀರಾತಿನಲ್ಲಿ ದೊಡ್ಡದಾಗಿ ಕಾಣುವ 'ಶೇ. 1 ವಹಿವಾಟು ಶುಲ್ಕ ಮನ್ನಾ'. ಐಆರ್‌ಸಿಟಿಸಿಯಲ್ಲಿ ಬೇರೆ ಕ್ರೆಡಿಟ್ ಕಾರ್ಡ್ ಹಾಕಿದರೆ ಗೇಟ್‌ವೇ ಶುಲ್ಕ (ಪಾವತಿ ನಡೆಸಿಕೊಡುವವರ ಶುಲ್ಕ) ಬೀಳುತ್ತದೆ, ಈ ಕಾರ್ಡ್‌ಗೆ ಅದು ಮಾಫಿ ಎಂಬುದು ನಿಜ. ಆದರೆ ಯುಪಿಐಯಲ್ಲಿ ಕೊಡುವವರು ಆ ಶುಲ್ಕವನ್ನು ಎಂದೂ ಕೊಟ್ಟವರೇ ಅಲ್ಲ. ಐಆರ್‌ಸಿಟಿಸಿಯ ಸೇವಾ ಶುಲ್ಕವಾದ ಕನ್ವೀನಿಯನ್ಸ್ ಫೀ ಕೂಡ ಯುಪಿಐಗೆ ಕಡಿಮೆ: ಎಸಿ ಟಿಕೆಟ್‌ಗೆ 20 ರೂ., ಕಾರ್ಡ್‌ಗೆ 30, ಮೇಲೆ ಜಿಎಸ್‌ಟಿ. ಈ ಶುಲ್ಕ ಟಿಕೆಟ್‌ಗೆ ಒಂದು, ತಲೆಗೆ ಅಲ್ಲ. ವರ್ಷಕ್ಕೆ ನಾಲ್ಕು ಟಿಕೆಟ್ ಎಂದರೆ ಕಾರ್ಡಿನವರು 47 ರೂಪಾಯಿ ಜಾಸ್ತಿ ಕೊಡುತ್ತಾರೆ. ಅಷ್ಟು ಮೊತ್ತವನ್ನು ಲಾಭದಿಂದ ಕಳೆಯಿರಿ. ಶೇ. 1ನ್ನು ಲಾಭದ ಕಡೆ ಬರೆಯಲೇಬೇಡಿ.

ಸ್ಲೀಪರ್‌ನಲ್ಲಿ ಹೋಗುವವರಿಗೆ ಈ ಕಾರ್ಡ್ ಬೇಡವೇ ಬೇಡ. ಸ್ಲೀಪರ್ ಟಿಕೆಟ್ ಸಾಮಾನ್ಯ ಖರ್ಚಿನ ಲೆಕ್ಕಕ್ಕೆ ಬೀಳುತ್ತದೆ: 125 ರೂಪಾಯಿಗೆ ಒಂದು ಪಾಯಿಂಟ್, ಅಂದರೆ ಶೇ. 0.8. ತಲೆಗೆ 600 ರೂ. ಎಂದರೆ ಅದೇ ನಾಲ್ವರ ವರ್ಷದ ನಾಲ್ಕು ಪಯಣಕ್ಕೆ 9,600 ರೂ., ಸಿಗುವುದು 76 ಪಾಯಿಂಟ್. ಶುಲ್ಕ 354. ಬುಕಿಂಗ್ ಪುಟದಲ್ಲಿ ಅಕ್ಕಪಕ್ಕದಲ್ಲೇ ಕೂತಿರುವ ಎಸ್‌ಎಲ್ ಮತ್ತು 3ಎ ಚೌಕಗಳ ನಡುವೆ ಇಷ್ಟು ಅಂತರ. ಹಾಗೆಂದು ಪಾಯಿಂಟ್ ಆಸೆಗೆ ಸ್ಲೀಪರ್ ಬಿಟ್ಟು ಎಸಿಗೆ ಹಾರಬೇಡಿ. ತಲೆಗೆ 1,000 ರೂ. ಹೆಚ್ಚು ಕೊಟ್ಟು 160 ವಾಪಸ್ ಪಡೆಯುವುದನ್ನು ಉಳಿತಾಯ ಎನ್ನುವುದಿಲ್ಲ.

ಕಾರ್ಡ್ ಬಂದ ಮೇಲೆ ಮಾಡಬೇಕಾದ ಮೊದಲ ಕೆಲಸ ಲಾಯಲ್ಟಿ ಸಂಖ್ಯೆಯನ್ನು (ನಿಮ್ಮ ಪಾಯಿಂಟ್ ಖಾತೆಯ ಸಂಖ್ಯೆ) ಐಆರ್‌ಸಿಟಿಸಿ ಖಾತೆಗೆ ಜೋಡಿಸುವುದು. ಎಡವುವುದೂ ಇಲ್ಲೇ. 16 ಅಂಕಿಯ ಕಾರ್ಡ್ ಸಂಖ್ಯೆಯೇ ಬೇರೆ, ಲಾಯಲ್ಟಿ ಸಂಖ್ಯೆಯೇ ಬೇರೆ. ಮನೆಯಲ್ಲಿ ಅಪ್ಪನ ಐಆರ್‌ಸಿಟಿಸಿ ಐಡಿ, ಮಗನ ಕಾರ್ಡ್ ಎಂಬ ವ್ಯವಸ್ಥೆ ನಮ್ಮಲ್ಲಿ ಸಾಮಾನ್ಯ. ಕಾರ್ಡ್ ಯಾರ ಹೆಸರಿನಲ್ಲಿದೆಯೋ ಅವರ ಐಡಿಗೇ ಜೋಡಿಸಿ, ಬುಕಿಂಗ್ ಕೂಡ ಅದರಿಂದಲೇ ಮಾಡಿ. ಆ ಐಡಿಗೆ ಆಧಾರ್ ದೃಢೀಕರಣವನ್ನೂ ಮುಗಿಸಿಡಿ. 2025ರ ಜುಲೈಯಿಂದ ತತ್ಕಾಲ್‌ಗೆ, ಅಕ್ಟೋಬರ್‌ನಿಂದ ಮುಂಗಡ ಬುಕಿಂಗ್ ತೆರೆಯುವ ಗಳಿಗೆಗೂ ಅದು ಬೇಕು. ಮುಂಗಡದ ಅವಧಿ ಈಗ 60 ದಿನ ಮಾತ್ರ, ಹಳೆಯ 120 ದಿನದ ಅಭ್ಯಾಸದಲ್ಲಿ ಕ್ಯಾಲೆಂಡರ್ ಮೇಲೆ ಗುರುತು ಹಾಕಿದವರು ಸರಿಮಾಡಿಕೊಳ್ಳಬೇಕು.

ಪಾವತಿ ಪುಟದಲ್ಲಿ ಕಾರ್ಡನ್ನು ನೇರವಾಗಿ ಹಾಕಿ. ಕಾರ್ಡಿನಿಂದ ಮೊದಲು ವಾಲೆಟ್ ತುಂಬಿಸಿ, ವಾಲೆಟ್‌ನಿಂದ ಟಿಕೆಟ್ ತೆಗೆಯುವ ಜಾಣತನ ಇಲ್ಲಿ ತಿರುಗಿ ಬಡಿಯುತ್ತದೆ. ವಾಲೆಟ್‌ಗೆ ಹೋದ ದುಡ್ಡು ಯಾವ ದರ್ಜೆಯ ಟಿಕೆಟ್ ಆಯಿತೆಂದು ಬ್ಯಾಂಕ್‌ಗೆ ತಿಳಿಯುವುದಿಲ್ಲ. ಸಾಲದ್ದಕ್ಕೆ 2025ರ ನವೆಂಬರ್‌ನಿಂದ ಒಮ್ಮೆಗೆ 1,000 ರೂಪಾಯಿಗಿಂತ ಹೆಚ್ಚು ವಾಲೆಟ್‌ಗೆ ಹಾಕಿದರೆ ಎಸ್‌ಬಿಐ ಕಾರ್ಡ್ ಶೇ. 1 ಶುಲ್ಕ ಹಾಕುತ್ತದೆ. ರೈಲು ಟಿಕೆಟ್ ಮಾರುವ ಬೇರೆ ಪ್ರಯಾಣ ಆ್ಯಪ್‌ಗಳ ಕತೆಯೂ ಇದೇ. ಟಿಕೆಟ್ ಐಆರ್‌ಸಿಟಿಸಿಯದ್ದೇ ಆದರೂ ಕಾರ್ಡಿನ ದುಡ್ಡು ಹೋಗುವುದು ಆ ಆ್ಯಪ್‌ನ ಖಾತೆಗೆ. 50 ರೂಪಾಯಿಯ ಕೂಪನ್ ಹಿಂದೆ ಹೋಗಿ 6,400ರ ಟಿಕೆಟ್‌ನ 640 ಪಾಯಿಂಟ್ ಕಳೆದುಕೊಂಡ ಲೆಕ್ಕ, ಮೇಲೆ ಅವರ ಸೇವಾ ಶುಲ್ಕ ಬೇರೆ.

ತತ್ಕಾಲ್ ದಿನ ಪಾಯಿಂಟ್ ಮರೆತುಬಿಡಿ. ಎಸಿಗೆ ಬೆಳಿಗ್ಗೆ 10ಕ್ಕೆ ತೆರೆಯುತ್ತದೆ. ಕಾರ್ಡ್ ಸಂಖ್ಯೆ, ಸಿವಿವಿ, ಆಮೇಲೆ ಒಟಿಪಿ ಎಂದು ಕಾಯುವಷ್ಟರಲ್ಲಿ ಸೀಟು ಖಾಲಿ. ಐಆರ್‌ಸಿಟಿಸಿಯ ಸ್ವಂತ ಇ-ವಾಲೆಟ್ ಅಥವಾ ಯುಪಿಐ ಅಲ್ಲಿ ಚುರುಕು. ಖಾತ್ರಿಯಾದ ತತ್ಕಾಲ್ ಟಿಕೆಟ್ ರದ್ದು ಮಾಡಿದರೆ ಹಣವೂ ವಾಪಸ್ ಇಲ್ಲ.

ಸಾಮಾನ್ಯ ಟಿಕೆಟ್ ರದ್ದಾದರೆ ಮರುಪಾವತಿ ಕಾರ್ಡ್‌ಗೇ ಬರುತ್ತದೆ, ಅದಕ್ಕೆ ಸಿಕ್ಕ ಪಾಯಿಂಟ್ ಅದರ ಜೊತೆಗೇ ಹೋಗುತ್ತದೆ. ಕನ್ವೀನಿಯನ್ಸ್ ಫೀ ಮಾತ್ರ ಹೋದದ್ದು ಹೋದದ್ದೇ. ವೇಟಿಂಗ್ ಲಿಸ್ಟ್‌ನಲ್ಲಿ ಎರಡು ಮೂರು ರೈಲಿಗೆ ಟಿಕೆಟ್ ತೆಗೆದು 'ಯಾವುದಾದರೂ ಒಂದು ಆದೀತು' ಎಂದು ಕೂರುವವರು ಇದನ್ನು ಗಮನಿಸಬೇಕು: ರದ್ದಾಗುವ ಪ್ರತಿ ಟಿಕೆಟ್‌ಗೂ ಫೀ ಮತ್ತು ರೈಲ್ವೆಯ ಕ್ಲರಿಕಲ್ ಶುಲ್ಕ ನಿಮ್ಮ ಕೈಯಿಂದ ಹೋಗುತ್ತದೆ, ಪಾಯಿಂಟ್ ಉಳಿಯುವುದು ಕಡೆಗೆ ಪ್ರಯಾಣ ಮಾಡಿದ ಒಂದಕ್ಕೆ ಮಾತ್ರ.

ಮಾಟುಂಗಾದ ತರಕಾರಿ, ಕಾಫಿಪುಡಿ, ಕರೆಂಟ್ ಬಿಲ್ಲುಗಳಿಗೆ ಈ ಕಾರ್ಡ್ ಬಳಸುವುದು ದಂಡ. ಶೇ. 0.8 ಕೊಡುವ ಕಾರ್ಡಿನ ಬದಲು, ವಾರ್ಷಿಕ ಶುಲ್ಕವೇ ಇಲ್ಲದೆ ಹೊರಗಿನ ಸಾಮಾನ್ಯ ಖರೀದಿಗೆ ಶೇ. 1 ಕೊಡುವ ಅಮೆಜಾನ್ ಪೇ ಐಸಿಐಸಿಐಯಂಥದ್ದು ಮೇಲು. ಲೋಕಲ್ ರೈಲಿನ ಟಿಕೆಟ್‌ಗೂ ಶೇ. 10 ಇಲ್ಲ. ಅಲ್ಲಿಗೆ ರೈಲ್ವೆಯದ್ದೇ ಆದ ರೈಲ್‌ಒನ್ ಆ್ಯಪ್‌ನ ಆರ್-ವಾಲೆಟ್ ಇದೆ, ಅನಾರಕ್ಷಿತ ಟಿಕೆಟ್‌ಗೆ ಶೇ. 3 ರಿಯಾಯಿತಿ. ಹತ್ತು ರೂಪಾಯಿಯ ಟಿಕೆಟ್‌ಗೆ ಮೂವತ್ತು ಪೈಸೆ. ನಗಬೇಡಿ, ದಿನಾ ಓಡಾಡುವವರಿಗೆ ಅದೂ ಸೇರುತ್ತದೆ.

ಒಂದರ ಮೇಲೊಂದು ಲಾಭ ಪೇರಿಸುವ ಆಟಕ್ಕೆ ರೈಲಿಗಿಂತ ವಿಮಾನ ಹೆಚ್ಚು ಒಗ್ಗುತ್ತದೆ. ರೈಲಿನಲ್ಲಿ ಇರುವುದು ಕಾರ್ಡಿನ ಒಂದೇ ಪದರ. ಮುಂಬೈ–ಮಂಗಳೂರು ಅಥವಾ ಮುಂಬೈ–ಬೆಂಗಳೂರು ವಿಮಾನಕ್ಕೆ ಮೂರು ಪದರ ಸಾಧ್ಯ: ವಿಮಾನ ಕಂಪನಿಯ ಸದಸ್ಯತ್ವ (ಏರ್ ಇಂಡಿಯಾದ ಮಹಾರಾಜ ಕ್ಲಬ್, ಇಂಡಿಗೋದ ಬ್ಲೂಚಿಪ್, ಎರಡಕ್ಕೂ ಸೇರಲು ಕಾಸಿಲ್ಲ), ಕಾರ್ಡಿನ ಪಾಯಿಂಟ್, ಮತ್ತು ಬ್ಯಾಂಕಿನ ಪೋರ್ಟಲ್ ಅಥವಾ ಗಿಫ್ಟ್ ವೋಚರ್. ಆದರೆ ಮೂರೂ ಒಟ್ಟಿಗೆ ನಿಲ್ಲುವುದು ಅಪರೂಪ. ಮಹಾರಾಜ ಕ್ಲಬ್‌ನ ಪಾಯಿಂಟ್ ಮೂಲ ದರ ಮತ್ತು ಕಂಪನಿಯ ಸರ್‌ಚಾರ್ಜ್ ಮೇಲಷ್ಟೇ, ಜಿಎಸ್‌ಟಿ ಮತ್ತು ವಿಮಾನ ನಿಲ್ದಾಣದ ಶುಲ್ಕದ ಮೇಲಲ್ಲ. ಟಿಕೆಟ್ ಮೊತ್ತ ನೋಡಿ ಲೆಕ್ಕ ಹಾಕಿದವರಿಗೆ ಪಾಯಿಂಟ್ ಕಡಿಮೆ ಕಾಣುವುದು ಇದಕ್ಕೇ. ವೋಚರ್‌ನಲ್ಲಿ ತೆಗೆದ ಟಿಕೆಟ್ ರದ್ದಾದರೆ ಹಣ ಬ್ಯಾಂಕ್‌ಗೆ ಬರುವ ಬದಲು ಕ್ರೆಡಿಟ್ಟಾಗಿ ಅಲ್ಲೇ ಕೂತುಬಿಡಬಹುದು. ತಾರೀಖು ಖಚಿತವಿಲ್ಲದ ಪ್ರಯಾಣಕ್ಕೆ ವೋಚರ್ ಮುಟ್ಟಬೇಡಿ.

ಹೆಸರಿನ ತೊಂದರೆ ನಮ್ಮವರದ್ದೇ ವಿಶೇಷ. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದು ಬಿಡಿಸಿದ ಅಪ್ಪನ ಹೆಸರು, ಆಫೀಸಿನಲ್ಲಿ ಮನೆತನದ ಹೆಸರು. ಸದಸ್ಯತ್ವದಲ್ಲಿ ಒಂದು, ಟಿಕೆಟ್‌ನಲ್ಲಿ ಇನ್ನೊಂದು ಇದ್ದರೆ ಪಾಯಿಂಟ್ ಜಮೆಯಾಗದೆ ನಿಲ್ಲುತ್ತದೆ. ಸದಸ್ಯರಾಗುವಾಗಲೇ, ಟಿಕೆಟ್‌ನಲ್ಲಿ ಯಾವ ಹೆಸರು ಹಾಕುತ್ತೀರೋ ಅಕ್ಷರಕ್ಕೆ ಅಕ್ಷರ ಅದನ್ನೇ ಕೊಡಿ. ಸದಸ್ಯ ಸಂಖ್ಯೆಯನ್ನು ಬುಕಿಂಗ್ ಹೊತ್ತಿಗೇ ನಮೂದಿಸಿ, ಬೋರ್ಡಿಂಗ್ ಪಾಸ್ ಪಾಯಿಂಟ್ ಬರುವ ತನಕ ಎಸೆಯಬೇಡಿ.

ಈ ಎಲ್ಲ ಲೆಕ್ಕ ನಿಂತಿರುವುದು ಬಿಲ್ ಪೂರ್ತಿ ಕಟ್ಟುವುದರ ಮೇಲೆ. ಕನಿಷ್ಠ ಮೊತ್ತ ಕಟ್ಟಿ ಉಳಿದದ್ದು ಮುಂದೂಡಿದರೆ ತಿಂಗಳಿಗೆ ಶೇ. 3.75ರ ಆಸುಪಾಸಿನ ಬಡ್ಡಿ. 12,800 ರೂಪಾಯಿಗೆ ತಿಂಗಳಿಗೆ 480 ರೂ., ಮೂರು ತಿಂಗಳಿಗೆ 1,440. ಆ ಪ್ರಯಾಣಕ್ಕೆ ಸಿಕ್ಕ 1,280 ಪಾಯಿಂಟ್ ಅಲ್ಲಿಗೆ ತೀರಿತು. ಬಡ್ಡಿಯ ಮೇಲೂ ಜಿಎಸ್‌ಟಿ ಇದೆ.

ಪಾಯಿಂಟ್ ಜಂಜಾಟವೇ ಬೇಡ ಎನ್ನುವವರಿಗೆ, ಬಸ್ಸಿನ ದಾರಿ ಒಗ್ಗುವುದಾದರೆ, ನಮ್ಮ ಕೆಎಸ್‌ಆರ್‌ಟಿಸಿಯೇ ಇದೆ. ಒಂದೇ ಟಿಕೆಟ್‌ನಲ್ಲಿ ನಾಲ್ಕು ಅಥವಾ ಹೆಚ್ಚು ಜನ ಇದ್ದರೆ ಶೇ. 5, ಹೋಗಿಬರುವುದನ್ನು ಒಟ್ಟಿಗೇ ಬುಕ್ ಮಾಡಿದರೆ ಮರುಪಯಣದ ದರದಲ್ಲಿ ಶೇ. 10 ಕಡಿತ. ಕಾರ್ಡ್ ಬೇಡ, ವಾರ್ಷಿಕ ಶುಲ್ಕ ಇಲ್ಲ, ಕಡಿತ ಟಿಕೆಟ್ ತೆಗೆಯುವಾಗಲೇ ಕಾಣುತ್ತದೆ. ಮೇಲೆ ಯಾವ ಕಾರ್ಡ್‌ನಿಂದ ಕೊಟ್ಟರೂ ಅದರ ಪಾಯಿಂಟ್ ನಿಮ್ಮದೇ.